ಹೊಡೆದುಹಾಕಿದ್ದನ್ನೂ ಓದಿದೆ

ಬಂದರಿನ ಹಮ್ಮಬ್ಬನ ಗುಜರಿಯಲ್ಲಿ
ರದ್ದಿ ಕಿಲೋಗೆ ಹದಿನಾಲ್ಕು.
ಈ ಕಟ್ಟನ್ನು ಅವ ತಕ್ಕಡಿಗೇ ಹಾಕಲಿಲ್ಲ,
ಎರಡು ರೂಪಾಯಿ ಕೊಡಿ, ಕೊಂಡುಹೋಗಿ ಅಂದ.

ಕಾರ್ಡುಗಳೆಲ್ಲ ಒಂದೇ ಕೈಯವು,
ತಾರ್ತು ಎಂಬ ಊರಿನ ಹೆಯ್ನೊ ಎಂಬವನವು.
ಚೀಟಿಯ ಮೇಲೊಂದು ರಾಕೆಟ್, ಮಸಿ ಮಾಸಿದ ೧೯೭೪.
ಅಕ್ಷರ ಕಡಿಮೆ, ಅಂಕೆಯೇ ಹೆಚ್ಚು:
೫೨೫೪. ೫೭೫೫.
ಅಂಚೆಯವರು ಗೂಢಚಾರರ ಲೆಕ್ಕವೆಂದುಕೊಂಡಿರಬಹುದು.
ನಾನು ಬೋರ್ಡು ಹಾಸಿದೆ:
ರಾಜನ ಮುಂದಿನ ಕಾಲಾಳು ಎರಡು ಮನೆ.
ಅತ್ತಲಿಂದಲೂ ಅಷ್ಟೇ.

ನಮ್ಮವರ ಕಾರ್ಡು ಒಂದೂ ಇಲ್ಲಿಲ್ಲ, ಇರುವಂತೆಯೂ ಇಲ್ಲ;
ಅವು ಹೋದವು, ತಾರ್ತುವಿನ ಯಾವುದೋ ಡ್ರಾಯರಿಗೆ.
ಆದರೆ ಈ ಆಟಕ್ಕೊಂದು ರೂಢಿ:
ಉತ್ತರ ಬರೆಯುವ ಮೊದಲು ಎದುರಿನವನ ನಡೆಯನ್ನು
ಮತ್ತೊಮ್ಮೆ ಬರೆಯಬೇಕು, ಸಿಕ್ಕಿತು ಅನ್ನುವುದಕ್ಕೆ.
ಹಾಗೆ ಜೆಪ್ಪುವಿನ ವಲೇರಿಯನ್ ಕ್ರಾಸ್ತಾ
ಇನ್ನೊಬ್ಬನ ಕೈಬರಹದಲ್ಲಿ ಉಳಿದಿದ್ದಾರೆ.

ನಾಲ್ಕನೆಯ ನಡೆ, ೨೨೨೪.
ಒಂದು ಕಾಲಾಳನ್ನು ಸುಮ್ಮನೆ ಒಂಟೆಯ ಬಾಯಿಗಿಟ್ಟರು.
ಹಡಗಿನ ಕಪ್ತಾನನೊಬ್ಬ ಹುಡುಕಿದ ಆರಂಭವಂತೆ ಇದು.
ಸಮುದ್ರದವರ ಬುದ್ಧಿ:
ಗಾಳಿ ಸಿಗುವುದಾದರೆ ಸರಕು ಚೆಲ್ಲು.
ಹೆಯ್ನೊ ತಿಂದ. ಧನ್ಯವಾದ ಎಂದೂ ಬರೆದ.
ಏಳನೆಯದರಲ್ಲಿ ಕ್ರಾಸ್ತಾ ರಾಜನನ್ನು ಆನೆಯ ಮರೆಗೆ ಸೇರಿಸಿದರು.
ಆಮೇಲೆ ಎಂಟನೆಯದು.

ಎಂಟನೆಯದಕ್ಕೆ ನಲವತ್ತೇಳು ದಿನ.
ಹೆಯ್ನೊನೇ ಮೂಲೆಯಲ್ಲಿ ಲೆಕ್ಕ ಇಟ್ಟಿದ್ದಾನೆ:
"ನಿಮ್ಮ ಯೋಚನೆ, ೪೭."
ಕೆಳಗೆ ತಡವರಿಸುವ ಇಂಗ್ಲಿಷಿನಲ್ಲಿ ಒಂದು ಸಾಲು:
"ಹೊಡೆದುಹಾಕಿದ್ದನ್ನೂ ಓದಿದೆ."

ಇದರ ಮುಂದೆ ನಾನು ಮೂರು ವಾರ ಕೂತೆ.
೬೩೭೫, ಕುದುರೆ ಹಾರಿದ ಆ ಒಂದು ನಡೆಗೆ
ಹದಿನಾರು ಪುಟ ಕವಲು ಬರೆದೆ, ಹೀಗಾದರೆ ಹೀಗೆ,
ಹಾಗಾದರೆ ಹಾಗೆ.
ನಲವತ್ತೇಳು ದಿನದ ತಪಸ್ಸಿಗೆ ತಕ್ಕ ಆಳ
ಸಿಕ್ಕಿತು ಅಂತಲೇ ಅನಿಸಿತ್ತು.
ಒಂದು ಆದಿತ್ಯವಾರ ವಿಳಾಸ ನೋಡಿಕೊಂಡು
ಜೆಪ್ಪುವಿನ ಬಸ್ಸು ಹತ್ತಿದೆ.

ಎಂಬತ್ತನಾಲ್ಕು. ಹಂಚಿನ ಫ್ಯಾಕ್ಟರಿಯಲ್ಲಿ
ತಕ್ಕಡಿ ಗುಮಾಸ್ತರಾಗಿದ್ದವರು.
ಪುಟಗಳನ್ನು ದೂರ ಹಿಡಿದು ಓದಿ, ನಕ್ಕರು:
"ಯೋಚನೆ ಎಂತದು ಮಾರಾಯ್ರೆ! ಚೀಟಿಗೆ ದುಡ್ಡಿರಲಿಲ್ಲ.
ಆ ವರ್ಷ ಭಟ್ಟಿ ಆರಿಸಿದ್ದರು, ಎರಡು ತಿಂಗಳು ಪಗಾರ ಇಲ್ಲ.
ಕಾರ್ಡು ಬರೆದು ಉಪ್ಪಿನ ಭರಣಿಯ ಅಡಿಗೆ ಇಟ್ಟದ್ದು.
ಮೊದಲು ಬರೆದದ್ದು ಕುದುರೆ ಅಲ್ಲ. ೩೩೪೪.
ಕಾಲಾಳಿಂದ ಕಾಲಾಳನ್ನು ತಿನ್ನುವುದು, ಯಾರೂ ಮಾಡುವಂಥದ್ದು.
ದಿನಾ ಗಂಜಿಗೆ ಉಪ್ಪು ತೆಗೆಯುವಾಗ ಕಣ್ಣಿಗೆ ಬೀಳ್ತದಲ್ಲ,
ನಲವತ್ತನೇ ದಿನವೋ ಏನೋ, ಕುದುರೆ ಕಂಡಿತು."

"ಎಲ್ಲ ಸುಳ್ಳು," ಒಳಗಿಂದ ಸೆವ್ರಿನ್ ಬಾಯಿ.
"ಚೀಟಿಗೆ ನಾನು ಕೊಟ್ಟಿದ್ದೆ, ಮೊಟ್ಟೆ ಮಾರಿದ ದುಡ್ಡು.
ಇವರು ಮರೆತದ್ದು."
ಕಟ್ಟನ್ನು ರದ್ದಿಗೆ ಹಾಕಿದ್ದೂ ಅವರೇ; ಕಪಾಟಿನಲ್ಲಿ ಜಾಗ ಬೇಕಿತ್ತಂತೆ.
ಕ್ರಾಸ್ತಾ ನೊಣ ಓಡಿಸುವವರ ಹಾಗೆ ಕೈ ಬೀಸಿದರು.

ನನ್ನ ಫೋನಿನಲ್ಲಿ ಆಟ ಅಳೆಯುವ ಯಂತ್ರವೊಂದು ಉಂಟು.
ಬೇಡವೆಂದರೂ ಬಿಡಲಿಲ್ಲ: "ಕೇಳಿ ನೋಡಿ ಅದನ್ನು."
ಕೇಳಿದೆ. ೩೩೪೪, ೬೩೭೫.
ಎರಡೂ ಸರಿಸುಮಾರು ಒಂದೇ, ಅಂದಿತು.
ಹೇಳುವುದೋ ಬೇಡವೋ.
ಹೇಳಿದೆ.

ಅವರು ಫೋನನ್ನು ಅಂಗೈಯಲ್ಲಿಟ್ಟು
ಮೇಲೆ ಕೆಳಗೆ ಆಡಿಸಿದರು, ಹಂಚು ತೂಗಿದಂತೆ.
"ಒಂದೇ ತೂಕ ಅಂತ ಯಾವುದೂ ಇಲ್ಲ.
ಹಾಗೆ ಕಂಡರೆ ಕಲ್ಲು ಸವೆದಿದೆ ಅಂತ ಲೆಕ್ಕ."

ಮತ್ತೆ ಹೆಯ್ನೊನ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು.
"ಇದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಲಿಲ್ಲ.
ಮಸಿ ಸುರಿದು ಹೊಡೆದಿದ್ದೆ, ಎರಡೆರಡು ಸಲ.
ಹೇಗೆ ಓದಿದ?
ಹಿಂದಿನಿಂದ ಬೆರಳಾಡಿಸಿ ನೋಡಿದನೋ ಏನೋ."

ಹೇಳುತ್ತ ಕಾರ್ಡು ಮಗುಚಿ,
ಅಲ್ಲಿ ಇಲ್ಲದ ಗೀರನ್ನು
ಹೆಬ್ಬೆರಳಲ್ಲಿ ಹುಡುಕತೊಡಗಿದರು.